ಮಾನಪ್ಪನ ಮನೆಯ ಉಸ್ತುವಾರಿ

ಬೀಗ ಹಾಕಿದ ಮನೆ ಖಾಲಿ ಇರುತ್ತದೆ ಎಂದು ನಂಬಿದವರು ಯಾರೂ ಅಂಥ ಮನೆಯ ಪಕ್ಕದಲ್ಲಿ ಸಂಸಾರ ಮಾಡಿದವರಲ್ಲ. ದೇವರ ಹಿಪ್ಪರಗಿಯ ನಮ್ಮ ಓಣಿಯಲ್ಲಿ ಮಾನಪ್ಪನ ಮನೆಗೆ ಬೀಗ ಬಿದ್ದ ಮೇಲೆ ಅಲ್ಲಿ ವಾಸ ಮಾಡುವವರು ಮಾನಪ್ಪನ ಕಾಲಕ್ಕಿಂತ ಹೆಚ್ಚಾದರು. ಪಡಸಾಲೆಯಲ್ಲಿ ಇಲಿ, ಅಡಿಗೆಮನೆಯಲ್ಲಿ ಮುಂಗುಸಿ, ಗೋಡೆಯ ಸಂದಿಯಲ್ಲಿ ಚೇಳು, ಬೆಳಕಿಂಡಿಯಲ್ಲಿ ಪಾರಿವಾಳ, ಮುಂದಿನ ಕಟ್ಟೆಯ ಮೇಲೆ ಇಸ್ಪೀಟು ಆಡುವವರು, ಹಿತ್ತಲಲ್ಲಿ ಊರಿನ ಹಂದಿಗಳೆಲ್ಲ. ಮಣ್ಣಿನ ಮಾಳಿಗೆಯ ಮೇಲೆ ಒಂದು ಅರಳಿ ಸಸಿ ಹುಟ್ಟಿ, ಯಾರ ಅಪ್ಪಣೆಯನ್ನೂ ಕೇಳದೆ ಬೆಳೆಯುತ್ತಿತ್ತು.

ಮಾನಪ್ಪ ಕೆಟ್ಟವನಲ್ಲ. ಗೋಲಿ ಸೋಡಾ ಮಾಡುವ ಯಂತ್ರ ತರಿಸುವುದಕ್ಕೆ ಮನೆಯನ್ನು ಒತ್ತೆಯಿಟ್ಟು ಸಿಂದಗಿಯ ಒಂದು ಸೊಸಾಯಿಟಿಯಲ್ಲಿ ಸಾಲ ತೆಗೆದ. ಯಂತ್ರ ಬಂತು, ಸೋಡಾನೂ ಬಂತು. ಆದರೆ ನಮ್ಮ ಊರಿನವರು ಹೊಟ್ಟೆ ಉಬ್ಬಿದಾಗ ಮಾತ್ರ ಸೋಡಾ ಕುಡಿಯುವವರು. ಅದು ಎಪ್ಪತ್ತೆರಡರ ಬರ ಕಳೆದ ಮರುವರ್ಷ. ಉಬ್ಬುವಷ್ಟು ತುಂಬಿದ ಹೊಟ್ಟೆ ಊರಲ್ಲಿ ಒಂದೂ ಇರಲಿಲ್ಲ. ಮಾನಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಿರಣಿ ಕೆಲಸಕ್ಕೆ ಸೊಲ್ಲಾಪುರಕ್ಕೆ ಹೋದ. ಹಿಂದೆಯೇ ಸೊಸಾಯಿಟಿಯವರು ಬಂದು ಡಂಗುರ ಹೊಡೆಸಿ, ಮನೆ ಜಪ್ತಿ ಮಾಡಿ, ಬಾಗಿಲಿಗೆ ಬೀಗ ಜಡಿದು, ಬೀಗಕ್ಕೆ ಬಟ್ಟೆ ಸುತ್ತಿ, ಅದರ ಮೇಲೆ ಕೆಂಪು ಅರಗು ಕರಗಿಸಿ ಮುದ್ರೆ ಒತ್ತಿ ಹೋದರು.

ಆಮೇಲೆ ಮನೆ ಮಾರಲು ಲಿಲಾವು ಕರೆದರು. ಓಣಿಗೆ ಓಣಿಯೇ ಹೋಗಿ ನಿಂತೆವು. ಸವಾಲು ಮಾತ್ರ ಯಾರೂ ಕೂಗಲಿಲ್ಲ. ಅತ್ತುಕೊಂಡು ಹೋದವರ ಮನೆಯಲ್ಲಿ ಹೋಳಿಗೆ ಮಾಡಿ ಉಣ್ಣುವುದು ಹೇಗೆ ಎಂದು ಎಲ್ಲರೂ ಅಂದುಕೊಂಡರು. ಕೊಳ್ಳುವ ಶಕ್ತಿ ಇಲ್ಲದಾಗ ಧರ್ಮ ಪಾಲಿಸುವುದು ಸುಲಭ. ಇನ್ನೊಂದು ಸಲವೂ ಹಾಗೆಯೇ ಆಯಿತು. ಮತ್ತೆ ಕರೆಯುವುದನ್ನು ಸೊಸಾಯಿಟಿಯವರೇ ಮರೆತರು.

ಇದರಿಂದ ಎಲ್ಲರಿಗಿಂತ ಹೆಚ್ಚು ತ್ರಾಸಾದದ್ದು ಟೇಲರ್ ಶ್ರೀಶೈಲಪ್ಪನಿಗೆ. ಅವನ ಮನೆಗೂ ಮಾನಪ್ಪನ ಮನೆಗೂ ನಡುವೆ ಒಂದೇ ಗೋಡೆ. ಪಡಸಾಲೆಯೇ ಅವನ ಅಂಗಡಿ. ಹೊಲಿಗೆ ಮಷೀನು ಆ ಗೋಡೆಗೆ ಆನಿಸಿಯೇ ಇತ್ತು. ಆ ಕಡೆ ಮಾಳಿಗೆ ಸೋರಿದರೆ ಈ ಕಡೆ ಗೋಡೆ ಬೆವರುತ್ತಿತ್ತು. ಅವನ ಹೆಂಡತಿ ಕಸ್ತೂರೆವ್ವ ದಿನಾ ಮುಂಜಾನೆ ಗೋಡೆಗೆ ಅಂಗೈ ಹಚ್ಚಿ ನೋಡುತ್ತಿದ್ದಳು, ಜ್ವರ ಬಂದ ಕೂಸಿನ ಹಣೆ ನೋಡಿದ ಹಾಗೆ.

ಒಂದು ಸಂಜೆ ಗುರಪ್ಪನ ಕಟ್ಟೆಯ ಮೇಲೆ ಓಣಿಯವರು ಕೂಡಿದರು. ಗುರಪ್ಪ ಓಣಿಗೆ ಹಿರಿಯ.

"ಎಲ್ಲಾರೂ ಕೂಡಿ ಆ ಮನಿ ಮಾಳಿಗಿಗೆ ನಾಕ ಬುಟ್ಟಿ ಮಣ್ಣ ಹಾಕೂಣು," ಅಂದ ಗುರಪ್ಪ. "ಆ ಅರಳಿ ಗಿಡಾ ಕಿತ್ತ ಒಗಿಯೂಣು. ಹಿತ್ತಲಿಗೆ ಮುಳ್ಳ ಬಡದರ ಹಂದೀನೂ ಹೋಗತಾವ."

"ನನ್ನ ಗಾಡಿ ಕೊಡತೇನ್ರಿ," ಅಂದ ಗಾಡಿ ಹೊಡೆಯುವ ಜೈನುದ್ದೀನ. "ಹಳ್ಳದ ದಂಡ್ಯಾಗ ಬೇಕಾದಷ್ಟ ಮಣ್ಣ ಐತಿ."

ಮಾತು ಅಲ್ಲಿಗೆ ಮುಗಿದಿದ್ದರೆ ಈ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಶ್ರೀಶೈಲಪ್ಪ ಕೆಮ್ಮಿದ. ಹರಕು ಅಂಗಿಗೆ ತೇಪೆ ಹಚ್ಚಿ ಬದುಕುವವನಿಗೂ ನಾಲ್ಕು ಜನರ ನಡುವೆ ಒಮ್ಮೆ ದೊಡ್ಡವನಾಗುವ ಆಸೆ ಇರುತ್ತದೆ.

"ಹಂಗ ಮುಟ್ಟಾಕ ಬರೂದಿಲ್ಲ ಗುರಪ್ಪಣ್ಣ. ಅದು ಜಪ್ತಿ ಆಸ್ತಿ. ಸಾಹೇಬ್ರಿಗೆ ಒಂದ ಮಾತ ಹೇಳಬೇಕು."

"ಅವ್ರಿಗೆ ಯಾರು ಹೇಳತಾರೋ ಮಾರಾಯ?"

"ನಾ ಹೇಳತೇನಿ. ವಸೂಲಿ ಸಾಹೇಬ್ರು ನನಗ ಗುರ್ತಿನವ್ರು. ಅವ್ರ ಪ್ಯಾಂಟಿನ ಸೊಂಟ ಹಿಡಿದ ಕೊಟ್ಟಾಂವ ನಾನು."

ಓಣಿ ಅವನನ್ನು ಹೊಸ ಕಣ್ಣಿನಿಂದ ನೋಡಿತು. ಎದುರು ಮನೆಯ ಮುದುಕಿ ತಿಪ್ಪವ್ವ, "ಒಬ್ಬರ ಸೊಂಟದ ಅಳತಿ ಗೊತ್ತಿದ್ದಾವ್ಗ ಅವ್ರು ಇಲ್ಲ ಅಂತಾರನ," ಅಂದಳು. ಮಣ್ಣು ಹಾಕುವ ಕೆಲಸ ಮುಂದಕ್ಕೆ ಬಿತ್ತು.

ಶ್ರೀಶೈಲಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಸಿಂದಗಿಗೆ ಹೋದ. ಸೊಸಾಯಿಟಿಯ ಬಾಗಿಲಲ್ಲಿ ಜವಾನ ಅಮಸಿದ್ದ ನಿಂತಿದ್ದ. ಸಾಹೇಬರ ಪ್ಯಾಂಟು ಎಂದು ಹೇಳಿ ಹಿಂದೊಮ್ಮೆ ಸೊಂಟ ಚಿಕ್ಕದು ಮಾಡಿಸಿಕೊಂಡು ಹೋದವನು ಅವನೇ. ಆ ಪ್ಯಾಂಟು ಈಗ ಅವನ ಮೈಮೇಲೆಯೇ ಇತ್ತು. ಹೊಲಿಗೆ ತನ್ನದೇ ಎಂದು ಶ್ರೀಶೈಲಪ್ಪ ದೂರದಿಂದಲೇ ಗುರುತಿಸಿದ. ಆದರೂ ಊರಲ್ಲಿ ಮಾತು ಕೊಟ್ಟಾಗಿತ್ತು. ಒಳಗೆ ಹೋಗಿ ಕೈಮುಗಿದ.

"ಸಾಹೇಬ್ರ, ನಾ ದೇವರ ಹಿಪ್ಪರಗಿಯಾಂವ್ರಿ. ಮಾನಪ್ಪನ ಮನಿ ಬಾಜೂಕ ಇರತೇನ್ರಿ. ಆ ಮನಿ ನಾವ ನೋಡ್ಕೋಬೇಕಂತ…"

ಸಾಹೇಬರು ತಲೆ ಎತ್ತಿದರು. ಜಪ್ತಿ ಮಾಡಿದ ಮನೆಗಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಮೇಲಿನವರು ಹಿಂದಿನ ದಿನವೇ ಅವರನ್ನು ಝಾಡಿಸಿದ್ದರು. ಅವರಿಗೆ ಅಷ್ಟೇ ಮಾತು ಸಾಕಾಯಿತು.

"ನೋಡ್ಕೋತೀರಿ? ಭಾಳ ಛಲೋ ಆತು. ಕೂಡ್ರಿ. ನಿಮ್ಮಂಥಾವ್ರು ಊರಿಗೊಬ್ಬರು ಇದ್ದರ ನಮಗ ಇಷ್ಟ ತ್ರಾಸ ಯಾಕ ಬರತಿತ್ತು? ಅಮಸಿದ್ದ, ಚಹಾ ತಾ."

ಶ್ರೀಶೈಲಪ್ಪ ಕುಳಿತ. ಸಾಹೇಬರ ಎದುರಿನ ಕುರ್ಚಿಯಲ್ಲಿ ಚಹಾ ಕುಡಿಯುತ್ತ, ಅದು ಹಾಗಲ್ಲ ಎಂದು ಹೇಳುವುದು ಅವನಿಂದ ಆಗಲಿಲ್ಲ. ಅವರು ಮುಂದಿಟ್ಟ ಉಸ್ತುವಾರಿಯ ಕಾಗದದಲ್ಲಿ ತೋರಿಸಿದಲ್ಲಿ ಸಹಿ ಮಾಡಿದ. ಕಪ್ಪು ಕೆಳಗಿಟ್ಟ ಮೇಲೆ ಬಂದ ಕೆಲಸ ನೆನಪಾಯಿತು.

"ಮಾಳಿಗಿ ಸೋರತೈತ್ರಿ ಸಾಹೇಬ್ರ. ಮಣ್ಣ ಹಾಕ್ಲೇನ್ರಿ?"

"ಜಪ್ತಿ ಮಾಡಿದಾಗ ಸೋರತಿತ್ತೇನು?"

"ಒಂದೀಟ ಸೋರತಿತ್ರಿ."

"ಹಂಗಾರ ಸೋರ್ಲಿ. ಹೆಚ್ಚಾಗಬಾರದು, ಕಮ್ಮಿನೂ ಆಗಬಾರದು. ಜಪ್ತಿ ಮಾಡಿದಾಗ ಆಸ್ತಿ ಹ್ಯಾಂಗ ಇತ್ತೋ ಹಂಗ ಇರಬೇಕು. ಒಂದ ಕಲ್ಲ ಅತ್ತಾಗಿತ್ತಾಗ ಆದರ, ಮುದ್ರಿ ಒಡದರ, ಜವಾಬ್ದಾರಿ ನಿಮ್ದು."

ಹೀಗೆ, ಮನೆಯನ್ನು ಸರಿಮಾಡಲು ಅನುಮತಿ ಕೇಳಲು ಹೋದವನು, ಅದನ್ನು ಯಾರೂ ಸರಿಮಾಡದಂತೆ ಕಾಯುವ ಕೆಲಸ ಹಿಡಿದು ಬಂದ.

ಬಸ್ಸಿಳಿದಾಗ ಓಣಿಯವರು ಕಾದಿದ್ದರು. ಕೆಲಸ ಆಗಲಿಲ್ಲ ಅನ್ನಬಹುದಿತ್ತು. ಆದರೆ ಇಸ್ತ್ರಿಯ ಧೋತರ ಉಟ್ಟು ಆ ಮಾತು ಹೇಗೆ ಹೇಳುವುದು?

"ಸಾಹೇಬ್ರು ಮನಿ ನನ್ನ ಕೈಯಾಗ ಕೊಟ್ಟಾರ," ಅಂದ.

"ಕೊಟ್ಟಾರ ಅಂದ್ರ?" ಗುರಪ್ಪ ಕೇಳಿದ.

"ಅಂದ್ರ, ಇನ್ನ ಮ್ಯಾಲ ಅದರ ಜವಾಬ್ದಾರಿ ನಂದು."

ಕೊಟ್ಟಾರ ಎಂಬ ಮಾತು ಬಸ್ ಸ್ಟ್ಯಾಂಡಿನಿಂದ ಓಣಿಗೆ ಬರುವಷ್ಟರಲ್ಲಿ ಕೊಂಡಾನ ಎಂದಾಗಿತ್ತು. ಬಾವಿಯ ಕಟ್ಟೆ ಮುಟ್ಟುವಷ್ಟರಲ್ಲಿ ನುಂಗ್ಯಾನ ಎಂದಾಯಿತು.

ಮರುದಿನ ಮುಂಜಾನೆ ತಿಪ್ಪವ್ವ ಒಂದು ಡಬ್ಬಿ ತಂದು ಅವನ ಮಷೀನಿನ ಮೇಲೆ ಇಟ್ಟಳು. ಮುಚ್ಚಳ ತೆಗೆದರೆ ಒಳಗೆ ಕರಿ ಚೇಳು.

"ನಿಮ್ಮ ಮನಿ ಚೇಳಪ್ಪ. ನನ್ನ ಹಾಸಿಗ್ಯಾಗ ಬಂದಿತ್ತು. ಇಟ್ಟಕೋ."

"ನಮ್ಮ ಮನಿದಲ್ಲಬೇ, ಮಾನಪ್ಪನ ಮನಿದು."

"ನಿನ್ನಿ ತನಕ ಮಾನಪ್ಪನ ಮನಿದಿತ್ತು. ಅದಕ್ಕ ಸುಮ್ಮನಿದ್ದೆ."

ಅವಳ ಹಿಂದೆಯೇ ಜೈನುದ್ದೀನ ಬಂದ. ಮುಂಗುಸಿ ಅವನ ಕೋಳಿಯನ್ನು ಹೊತ್ತೊಯ್ದಿತ್ತು. "ನಿಮ್ಮ ಮುಂಗಲಿ ಭಾಳ ಜೋರಾಗೇತ್ರಿ ಶ್ರೀಶೈಲಣ್ಣ, ಒಂದ ಮಾತ ಹೇಳ್ರಿ ಅದಕ್ಕ," ಅಂದ. ಕಟ್ಟೆಯ ಮೇಲೆ ಇಸ್ಪೀಟು ಆಡುವವರು, ಮಾಲಕರು ಸಿಕ್ಕರಲ್ಲ ಎಂಬ ಸಂತೋಷದಲ್ಲಿ ಕುಡಿಯಲು ನೀರು ಕೇಳಿದರು. ಹಿತ್ತಲಲ್ಲಿ ಕಸ ಚೆಲ್ಲುವವರು ಮೊದಲು ಕದ್ದು ಚೆಲ್ಲುತ್ತಿದ್ದರು. ಈಗ ಅವನ ಎದುರಿಗೇ, ಅವನನ್ನು ನೋಡಿಕೊಂಡೇ ಚೆಲ್ಲತೊಡಗಿದರು. ನೆರೆಯವನ ಮನೆ ನುಂಗಿದವನಿಗೆ ಅಷ್ಟಾದರೂ ಮಾಡಬೇಡವೇ ಎಂಬ ನ್ಯಾಯ ಅವರದು.

ಸುದ್ದಿ ಯಂಕಂಚಿಗೂ ಹೋಯಿತು. ಅಲ್ಲಿಂದ ಕಸ್ತೂರೆವ್ವನ ತಮ್ಮ ರೇವಪ್ಪ ಹಾಸಿಗೆ ಸುತ್ತಿಕೊಂಡು ಬಂದಿಳಿದ.

"ಮಾವಾರ, ಎರಡ ಮನಿ ಆದವಂತ. ಒಂದರಾಗ ನಾ ಕಿರಾಣಿ ಅಂಗಡಿ ಹಾಕತೇನಿ."

"ಅದು ನಂದಲ್ಲೋ ರೇವಪ್ಪ. ನಾ ಬರೇ ಉಸ್ತುವಾರಿ."

"ನನ್ನ ಮುಂದೂ ಹಿಂಗ ಅಂತೀರೇನ್ರಿ? ಅಕ್ಕಾ, ನೋಡ ನಿನ್ನ ಗಂಡನ ಮಾತು."

ಕಸ್ತೂರೆವ್ವ ಗೋಡೆಗೆ ಅಂಗೈ ಹಚ್ಚಿ ನಿಂತಿದ್ದಳು. "ಮನೀನೂ ನಮ್ದಲ್ಲ, ಮಾತೂ ನಮ್ಮ ಕೈಯಾಗ ಇಲ್ಲ. ಉಂಡ ಹೋಗಪಾ," ಅಂದಳು. ರೇವಪ್ಪ ಉಂಡ. ಹೋಗಲಿಲ್ಲ. ಬೀಗ ಎಂದು ತೆಗೆಯುತ್ತಾರೆ ಎಂದು ಕೇಳುತ್ತ ವಾರಗಟ್ಟಲೆ ಇದ್ದು, ಕೊನೆಗೆ, ಅಕ್ಕನಿಗೇ ಮೋಸ ಮಾಡುವವರ ಮನೆಯಲ್ಲಿ ನೀರೂ ಕುಡಿಯುವುದಿಲ್ಲ ಎಂದು, ಹೊಟ್ಟೆ ತುಂಬ ಊಟ ಮಾಡಿ ಹೋದ.

ಅಷ್ಟರಲ್ಲಿ ಬೇಸಿಗೆ ಬಂತು. ಮಾನಪ್ಪನ ತಲಬಾಗಿಲು ಪಡುವಣಕ್ಕೆ. ಮಧ್ಯಾಹ್ನ ಹೊರಳಿದ ಮೇಲೆ ಬಿಸಿಲು ನೇರ ಬೀಗದ ಮೇಲೆ ಬೀಳುತ್ತಿತ್ತು. ಒಂದು ದಿನ ಶ್ರೀಶೈಲಪ್ಪ ನೋಡುತ್ತಾನೆ, ಅರಗು ಮೆತ್ತಗಾಗಿ ಮುದ್ರೆಯ ಅಂಚು ಜಾರುತ್ತಿದೆ. ಓಡಿ ಹೋಗಿ ಕೊಡೆ ತಂದು ಬೀಗಕ್ಕೆ ನೆರಳು ಹಿಡಿದು ನಿಂತ. ಬಿಸಿಲು ಇಳಿಯುವ ತನಕ ನಿಂತ. ಮರುದಿನವೂ ನಿಂತ. ಅವನ ತಲೆ ಬಿಸಿಲಲ್ಲಿ, ಬೀಗ ನೆರಳಲ್ಲಿ. ಕುಪ್ಪಸ ಹೊಲಿಸಲು ಬಂದ ಹೆಂಗಸರು ಮಷೀನಿನ ಹತ್ತಿರ ಕಾಯ್ದು, ಬೇಸತ್ತು, ಬೇರೆ ಟೇಲರನ ಹತ್ತಿರ ಹೋದರು. ಊರ ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

"ಏನ ಮಾಡಾಕತ್ತೀಯೋ ಶ್ರೀಶೈಲ?" ಗುರಪ್ಪ ಕೇಳಿದ.

"ಮುದ್ರಿ ಕರಗತೈತಿ ಗುರಪ್ಪಣ್ಣ."

ಗುರಪ್ಪ ಬಹಳ ಹೊತ್ತು ಅವನ ಮುಖ ನೋಡಿದ. ಆಮೇಲೆ ತನ್ನ ತಲೆಯ ರುಮಾಲು ಬಿಚ್ಚಿ ಅವನ ತಲೆಗೆ ಸುತ್ತಿ ಹೋದ. ಮನೆ ನುಂಗಿದವನು ಹೀಗೆ ನಿಲ್ಲುವುದಿಲ್ಲ ಎಂದು ಅವನಿಗೆ ಆ ದಿನ ತಿಳಿಯಿತು. ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಹೇಳಿದ: "ಅಂವ ಕಳ್ಳಲ್ರಪಾ. ಹುಚ್ಚ ಅದಾನ ಅಷ್ಟ. ಮಳಿ ಬರೂಕಿಂತ ಮೊದಲ ನಾವ ಏನರೆ ಮಾಡೂಣು. ಆ ಗ್ವಾಡಿ ಬಿದ್ದರ ಸಾಯಾಕಿ ಕಸ್ತೂರೆವ್ವ."

ರೋಹಿಣಿ ಮಳೆಗೆ ಮೋಡ ಕಟ್ಟಿದಾಗ ಓಣಿಯವರು ಮಾತಿನಂತೆ ಬಂದರು. ಜೈನುದ್ದೀನ ಗಾಡಿ ತುಂಬ ಮಣ್ಣು ತಂದ. ತಿಪ್ಪವ್ವ ಕೂಡ ಒಂದು ಬುಟ್ಟಿ ಹಿಡಿದಿದ್ದಳು. ಗುರಪ್ಪ ಮಾನಪ್ಪನ ಗೋಡೆಗೆ ನಿಚ್ಚಣಿಕೆ ಆನಿಸಿದ. ಇಷ್ಟು ದಿನ ಮುಖ ತಿರುಗಿಸಿದವರೆಲ್ಲ ಒಂದೇ ಕಡೆ ಕೂಡಿದ್ದು ನೋಡಿ ಕಸ್ತೂರೆವ್ವನ ಕಣ್ಣು ತುಂಬಿ ಬಂತು. ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಶ್ರೀಶೈಲಪ್ಪ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಹೊರಗೆ ಓಡಿ ಬಂದು ನಿಚ್ಚಣಿಕೆ ಹಿಡಿದ.

"ಹತ್ತಬ್ಯಾಡ್ರಿ. ಕೈ ಮುಗಿತೇನಿ."

"ನಿನ್ನ ಗ್ವಾಡಿ ಉಳಸಾಕ ಬಂದೇವೋ."

"ಗ್ವಾಡಿ ಅರ್ಧ ಅಷ್ಟ ನಂದು ಗುರಪ್ಪಣ್ಣ. ಉಳಿದರ್ಧ ಜಪ್ತಿ ಆಗೇತಿ. ಸಾಹೇಬ್ರನ್ನ ಕೇಳಿ ಬರತೇನಿ. ನಾಕ ದಿನಾ ತಡೀರಿ."

"ಮಳಿ ತಡೀತೈತೇನು?"

"ಸಹಿ ಮಾಡೇನಿ," ಅಂದ ಶ್ರೀಶೈಲಪ್ಪ. ನಿಚ್ಚಣಿಕೆ ಬಿಡಲಿಲ್ಲ.

ಗುರಪ್ಪ ಹಿಂದೆ ಸರಿದ. ಜನ ಬುಟ್ಟಿ ಎತ್ತಿಕೊಂಡು ತಮ್ಮ ತಮ್ಮ ಮನೆಗೆ ಹೋದರು. ತಂದ ಮಣ್ಣು ಹಾಳಾಗಬಾರದೆಂದು ತಮ್ಮ ಮಾಳಿಗೆಗಳಿಗೇ ಹಾಕಿಕೊಂಡರು. ಆ ವರ್ಷ ನಮ್ಮ ಓಣಿಯಲ್ಲಿ ಬೇರೆ ಯಾರ ಮಾಳಿಗೆಯೂ ಸೋರಲಿಲ್ಲ. ಕಸ್ತೂರೆವ್ವ ಕುದಿಸಿದ ಚಹಾವನ್ನು ಹಿತ್ತಲಿಗೆ ಚೆಲ್ಲಿದಳು.

ಶ್ರೀಶೈಲಪ್ಪ ಕೊಟ್ಟ ಮಾತಿನಂತೆ ಸಿಂದಗಿಗೆ ಹೋದ. ಸಾಹೇಬರು ವಸೂಲಿಗೆ ಇಂಡಿಗೆ ಹೋಗಿದ್ದರು. ಇಂಡಿಗೆ ಹೋದ. ಅವರು ಮುದ್ದೇಬಿಹಾಳಕ್ಕೆ ಹೋಗಿದ್ದರು. ಮುದ್ದೇಬಿಹಾಳದಲ್ಲಿ, ಈಗಷ್ಟೇ ಬಸವನ ಬಾಗೇವಾಡಿಯ ಕಡೆ ಹೊರಟರು ಅಂದರು. ಬಾಗೇವಾಡಿಯಲ್ಲಿ ಅಮಸಿದ್ದ ಮಾತ್ರ ಸಿಕ್ಕ. ಆ ಪ್ಯಾಂಟು ಈಗ ಮೊಣಕಾಲಲ್ಲಿ ಹರಿದಿತ್ತು.

"ಸಾಹೇಬ್ರು ಸಿಂದಗಿಗೆ ಹೋದರಲ್ಲರಿ," ಅಂದ ಅಮಸಿದ್ದ. "ಬಂದದ್ದ ಬಂದೀರಿ, ಇದಕ್ಕೊಂದ ತೇಪಿ ಹಾಕಿ ಹೋಗ್ರಿ."

ತೇಪೆ ಹಾಕಿ ಹೊರಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು.

ಹಿಡಿದ ಮಳೆ ಬಿಡಲಿಲ್ಲ. ಬರದಲ್ಲಿ ಬರಬೇಕಾದದ್ದೂ ಸೇರಿ ಈಗ ಸುರಿಯುತ್ತಿದೆಯೇನೋ ಅನಿಸುತ್ತಿತ್ತು. ಶ್ರೀಶೈಲಪ್ಪ ತೋಯಿಸಿಕೊಂಡು ಊರಿಗೆ ಬಂದು, ಉಳಿದಿದ್ದ ಒಂದೇ ಗಿರಾಕಿಯ ಕುಪ್ಪಸಕ್ಕೆ ತೋಳು ಹಚ್ಚುತ್ತ ಕುಳಿತಿದ್ದ. ಮಧ್ಯಾಹ್ನದ ಹೊತ್ತು. ಗೋಡೆಯೊಳಗಿಂದ ಜರಜರ ಮಣ್ಣು ಉದುರುವ ಸಪ್ಪಳ ಕಸ್ತೂರೆವ್ವನಿಗೆ ಕೇಳಿತು. ಅವಳು ಗಂಡನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದಳು. ಗೋಡೆ ಸಿಟ್ಟಿನಿಂದೇನೂ ಬೀಳಲಿಲ್ಲ. ದಣಿದ ಮುದುಕನ ಹಾಗೆ ಮೊದಲು ಮೊಣಕಾಲೂರಿ, ಆಮೇಲೆ ಕುಳಿತು, ಆಮೇಲೆ ಮಲಗಿತು. ಮಲಗಿದ್ದು ಹೊಲಿಗೆ ಮಷೀನಿನ ಮೇಲೆ. ಎರಡೂ ಪಡಸಾಲೆಗಳು ಕೂಡಿ ಒಂದಾದವು. ಆ ಕಡೆಯಿಂದ ಮುಂಗುಸಿ ಒಂದು ಕ್ಷಣ ಇವರನ್ನು ನೋಡಿ ಹಿತ್ತಲಿಗೆ ಹೋಯಿತು.

ಶ್ರೀಶೈಲಪ್ಪ ಮೊದಲು ಮಾಡಿದ ಕೆಲಸವೆಂದರೆ ಮಳೆಯಲ್ಲಿ ಓಡಿ ಹೋಗಿ ಮಾನಪ್ಪನ ತಲಬಾಗಿಲು ನೋಡಿದ್ದು.

"ಮುದ್ರಿಗೆ ಏನೂ ಆಗಿಲ್ಲ," ಅಂತ ತಿರುಗಿ ಬಂದು ಹೇಳಿದ.

ಕಸ್ತೂರೆವ್ವ ಮಣ್ಣಿನಲ್ಲಿ ಕುಳಿತು ಮಷೀನಿನ ಗಾಲಿಯನ್ನು ಕೈಯಿಂದ ಬಿಡಿಸುತ್ತಿದ್ದಳು. ಅದು ಅವಳ ತವರಿನವರು ಕೊಟ್ಟ ಮಷೀನು. ಓಣಿಯವರು ಸಲಿಕೆ ತಂದು ಮಣ್ಣು ತೋಡಿದರು. ನಾವು ಹೇಳಲಿಲ್ಲವೇ ಎಂದು ಯಾರೂ ಅನ್ನಲಿಲ್ಲ. ಮಷೀನು ಹೊರಗೆ ಬಂತು. ಕಬ್ಬಿಣ ಅಷ್ಟು ಸೊಟ್ಟಾಗಬಲ್ಲದು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹುಡುಕಿದಾಗ ಸಿಗದ ಸಾಹೇಬರು ಹುಡುಕದೇ ಇದ್ದಾಗ ಬಂದರು. ಮಳೆ ನಿಂತ ಮರುದಿನ ಓಣಿಯ ಕೆಸರಿನಲ್ಲಿ ಜೀಪು ಬಂದು ನಿಂತಿತು. ಸಾಹೇಬರು ನೇರ ಮಾನಪ್ಪನ ಬಾಗಿಲಿಗೆ ಹೋಗಿ ಬೀಗ ತಿರುವಿ ನೋಡಿದರು.

"ಶಾಬಾಸ್. ನಾಕೂ ತಾಲೂಕಿನಾಗ ಇಂಥಾ ಮುದ್ರಿ ಇನ್ನೊಂದಿಲ್ಲ."

ಮುದ್ರೆ ಒಡೆಯದೆ ಒಳಗೆ ನೋಡಬೇಕಾದ್ದರಿಂದ ಅವರು ಶ್ರೀಶೈಲಪ್ಪನ ಮನೆಗೆ ನುಗ್ಗಿ, ಬಿದ್ದ ಗೋಡೆ ದಾಟಿ, ಮಾನಪ್ಪನ ಮನೆಯಲ್ಲೆಲ್ಲ ಅಡ್ಡಾಡಿ ತಿರುಗಿ ಬಂದರು. ಅಂಗಳದಲ್ಲಿ ನಿಂತು ಬೂಟಿನ ಕೆಸರು ಒರೆಸುವಾಗ ಅವರಿಗೆ ಒಂದು ವಿಚಾರ ಹೊಳೆಯಿತು.

"ಅಲ್ರಿ, ನಾ ಒಳಗ ಹ್ಯಾಂಗ ಹೋದೆ?"

"ನಮ್ಮ ಬಾಗಲದಿಂದ್ರಿ," ಅಂದ ಶ್ರೀಶೈಲಪ್ಪ.

"ಹಂಗಾರ ಯಾರ ಬೇಕಾದರೂ ಹೋಗಬಹುದು. ಮತ್ತ ಆ ಮುದ್ರಿ ಯಾತಕ್ಕ? ಈ ಬಾಗಲಕ್ಕೂ ಬೀಗ ಹಾಕಬೇಕು."

ಗುರಪ್ಪ ಮುಂದೆ ಬಂದ. "ಸಾಹೇಬ್ರ, ಇಂವ ಯಾರ ಕಡೆನೂ ಸಾಲಾ ತಗೊಂಡಿಲ್ಲರಿ. ಇವನ ಮನಿಗೆ ಬೀಗ ಹಾಕೂದು ಯಾವ ನ್ಯಾಯರಿ?"

"ಮನಿ ಜಪ್ತಿ ಮಾಡಾಕತ್ತಿಲ್ಲರಿ ಹಿರ್ಯಾರ. ಬಾಗಲಾ ಅಷ್ಟ ಬಂದ್ ಮಾಡಾಕತ್ತೇನಿ. ನಡಗ್ವಾಡಿ ಎದ್ದ ಕೂಡಲೆ ತಗೀತೇವಿ."

"ಗ್ವಾಡಿ ನಾ ಕಟ್ಲೇನ್ರಿ?" ಶ್ರೀಶೈಲಪ್ಪ ಕೇಳಿದ.

"ನಿಮ್ಮ ಅರ್ಧಾ ಕಟ್ಕೋರಿ. ಜಪ್ತಿ ಆದ ಅರ್ಧಾ ಮಾತ್ರ ಮುಟ್ಟಬ್ಯಾಡ್ರಿ."

"ಕಟ್ಟಾಕ ಒಳಗ ಹ್ಯಾಂಗ ಹೋಗ್ಲಿರಿ?"

"ಅದನ್ನ ಮ್ಯಾಲಿನವ್ರಿಗೆ ಕೇಳಬೇಕು," ಅಂದರು ಸಾಹೇಬರು. ಅದು ಒಳ್ಳೆಯ ಪ್ರಶ್ನೆ ಎಂದು ಒಪ್ಪಿದವರ ಹಾಗೆ ತಲೆಯಾಡಿಸಿದರು.

ಗುರಪ್ಪ ಮತ್ತೆ ಬಾಯಿ ತೆರೆದ. ಶ್ರೀಶೈಲಪ್ಪನೇ ಅವನ ಕೈ ಹಿಡಿದು, "ಇರ್ಲಿ ಬಿಡ್ರಿ ಗುರಪ್ಪಣ್ಣ, ಸಾಹೇಬ್ರಿಗೆ ತ್ರಾಸ ಬ್ಯಾಡ," ಅಂದ. ಜೀಪು ಹೊರಡುವ ಅವಸರದಲ್ಲಿ ಹಾಸಿಗೆ, ಒಂದು ಟ್ರಂಕು, ಒಂದು ಕೊಡ ಹೊರಗೆ ಬಂದವು. ಅಮಸಿದ್ದ ಬೀಗ ಜಡಿದು, ಬಟ್ಟೆ ಸುತ್ತಿ, ಅರಗು ಕರಗಿಸಲು ಕಡ್ಡಿ ಗೀರಿದ. ಗಾಳಿಗೆ ಆರಿತು. ಇನ್ನೊಂದು ಗೀರಿದ. ಅದೂ ಆರಿತು. ಆಗ ಶ್ರೀಶೈಲಪ್ಪ ಬಗ್ಗಿ, ಎರಡೂ ಕೈ ಬೊಗಸೆ ಮಾಡಿ ಗಾಳಿಗೆ ಅಡ್ಡ ಹಿಡಿದ. ಕಡ್ಡಿ ಹತ್ತಿತು. ಅವನ ಮನೆಯ ಬಾಗಿಲ ಮೇಲೆ ಕೆಂಪು ಅರಗು ತೊಟ್ಟು ತೊಟ್ಟಾಗಿ ಬಿತ್ತು.

"ಎರಡೂ ಮನಿ ನಿಮ್ಮ ಉಸ್ತುವಾರಿಗೇ ಇರ್ಲಿ," ಎಂದು ಸಾಹೇಬರು ಜೀಪು ಹತ್ತಿದರು.

ತಿಪ್ಪವ್ವ ಏನೂ ಕೇಳದೆ ಕಸ್ತೂರೆವ್ವನ ಕೈಯಿಂದ ಕೊಡ ಇಸಿದುಕೊಂಡು ತನ್ನ ಮನೆಗೆ ನಡೆದಳು. ಎಮ್ಮೆ ಕಟ್ಟುವ ಜಾಗದ ಪಕ್ಕ ಇಬ್ಬರಿಗೆ ಮಲಗುವಷ್ಟು ಜಾಗ ಬಳಿದು ಕೊಟ್ಟಳು. ಹೊತ್ತು ಇಳಿಯುತ್ತಿತ್ತು. ಕಸ್ತೂರೆವ್ವ ಒಲೆ ಹೊತ್ತಿಸಿ ಆಚೆ ಈಚೆ ನೋಡಿ, ಗಂಡನ ಕಡೆ ತಿರುಗಿದಳು.

"ನನ್ನ ರೊಟ್ಟಿ ಹಂಚು ಒಳಗ ಉಳದೈತಿ. ಹಿಟ್ಟೂ ಅಲ್ಲೇ ಐತಿ. ಹಿತ್ತಲದಿಂದ ಹತ್ತಿ ಇಳದ ತಗೊಂಡ ಬರ್ರಿ."

ಶ್ರೀಶೈಲಪ್ಪ ಬಾಗಿಲ ಹತ್ತಿರ ಕುಳಿತಿದ್ದ. ಅಲ್ಲಿಂದ ಎರಡೂ ಬೀಗಗಳು ಕಾಣುತ್ತಿದ್ದವು.

"ಸಾಹೇಬ್ರನ್ನ ಕೇಳಬೇಕಾಗತೈತಿ," ಅಂದ.

ಕಸ್ತೂರೆವ್ವ ತಿಪ್ಪವ್ವನ ಹಂಚು ಒಲೆಯ ಮೇಲಿಟ್ಟು, ತಿಪ್ಪವ್ವನ ಹಿಟ್ಟು ನಾದಿ, ರೊಟ್ಟಿ ಬಡಿದಳು. ತಿಪ್ಪವ್ವನಿಗೆ ಒಂದು ತಾಟು ಇಟ್ಟಳು. ತನಗೆ ಒಂದು ತಾಟು ಇಟ್ಟುಕೊಂಡಳು. ಬೇಯಿಸಿದ್ದೆಲ್ಲ ಆ ಎರಡು ತಾಟಿನಲ್ಲೇ ಮುಗಿಯಿತು. ಶ್ರೀಶೈಲಪ್ಪ ಕೈಕಾಲು ತೊಳೆದುಕೊಂಡು ಬಂದು ಎದುರಿಗೆ ಕುಳಿತ. ಸ್ವಲ್ಪ ಹೊತ್ತು ಕಾದು, "ನನಗ?" ಅಂದ.

"ಸಾಹೇಬ್ರನ್ನ ಕೇಳ್ಕೊಂಡ ಬರ್ರಿ," ಅಂದಳು ಕಸ್ತೂರೆವ್ವ.

ಆ ಹೊತ್ತಿನಲ್ಲಿ ಸಿಂದಗಿಗೆ ಬಸ್ಸಿರಲಿಲ್ಲ.